ಮುನ್ನೂರು ಪೌಂಡಿನ ಮುಳ್ಳು

ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಮೇ ಕೊನೆಗೆ ಆಕಾಶ ಕಪ್ಪಿಟ್ಟಿತೆಂದರೆ ಊರಿಡೀ ಒಂದೇ ವಿಚಾರಣೆ, ಮದ್ದು ಬಿಟ್ಟಾಯಿತೇ ಎಂದು. ಮಳೆ ಹಿಡಿಯುವ ಮೊದಲು ಗೊನೆಗೆ ಬೋರ್ಡೊ ದ್ರಾವಣ ತಾಗದಿದ್ದರೆ ಕೊಳೆರೋಗಕ್ಕೆ ಬಾಗಿಲು ತೆರೆದಿಟ್ಟ ಹಾಗೆ. ಆ ದಿನವೂ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಡ್ರಮ್ಮು ತುಂಬಿಸಿದೆವು.

ಪಂಪಿನ ಒತ್ತಡ ತೋರಿಸುವ ಹಳೆಯ ಗೇಜಿನ ಗಾಜು ಒಡೆದುಹೋಗಿ, ನಾನು ಹೊಸದೊಂದನ್ನು ತಂದು ಹಾಕಿದ್ದೆ. ಪ್ರತಿ ವರ್ಷ ಮದ್ದು ಬಿಡುವವರು ಎಂದಿನಂತೆ, ‘ಮುಳ್ಳು ಮುನ್ನೂರಕ್ಕೆ ನಿಲ್ಲಲಿ’ ಎಂದರು. ಹೊಸ ಗೇಜಿನಲ್ಲಿ ಅಂಕಿಗಳೇ ಅರುವತ್ತಕ್ಕೆ ಮುಗಿದಿದ್ದವು!

ಹಳೆಯದು ಪೌಂಡಿನದು, ಹೊಸದು ಕೆಜಿಯದು. ಗಾಳಿ ಹಾಕುವವರಿಂದ ಪಂಪು ರಿಪೇರಿಯವರವರೆಗೆ ಎಲ್ಲರೂ ಹೇಳುವುದು ಹೀಗೆಯೇ, ಮೊಟಕಾಗಿ. ನಾನು ಮೋಸ ಹೋದದ್ದೂ ಅಲ್ಲಿಯೇ. ಕಿಲೋಗೆ 2.2 ಪೌಂಡು ತಾನೇ? ಮುನ್ನೂರನ್ನು ಭಾಗಿಸಿದರೆ 136 ಬಂತು. ಅದೂ ಗೇಜಿನಲ್ಲಿಲ್ಲ. ಅವರಿಗೆ ತಾಳ್ಮೆ ತಪ್ಪಿತು. ‘ಒಂದು ಸೊನ್ನೆ ತೆಗೆದು ಮೂವತ್ತು ಇಡಿ.’ ಮೋಡ ನೋಡಿ ನಾನೂ ಹೂಂ ಎಂದೆ.

ಎರಡು ಮರ ಆಗಿರಲಿಲ್ಲ, ಹಳೆಯ ಹೋಸು ಜೋಡಣೆಯ ಬುಡದಲ್ಲಿ ಸಿಡಿಯಿತು. ನನ್ನ ಬಿಳಿ ಪಂಚೆ ತಿಳಿ ನೀಲಿಯಾಯಿತು.

ಅಂಗಳದಲ್ಲಿ ಕುಳಿತು ಮತ್ತೆ ಲೆಕ್ಕ ಮಾಡಿದಾಗ ನಗು ಬಂತು. ಪೌಂಡು ಎಂದರೆ ಬರೀ ತೂಕವಲ್ಲ, ಒಂದು ಚದರ ಇಂಚಿನ ಮೇಲೆ ಕುಳಿತ ತೂಕ. ಕೆಜಿ ಕುಳಿತಿರುವುದು ಒಂದು ಚದರ ಸೆಂಟಿಮೀಟರಿನ ಮೇಲೆ. ನಾನು ತೂಕವನ್ನು ಬದಲಿಸಿದೆ, ಮಣೆಯನ್ನು ಮರೆತೆ. ಚದರ ಇಂಚಿನಲ್ಲಿ 6.45 ಚದರ ಸೆಂಟಿಮೀಟರ್ ಹಿಡಿಯುತ್ತದೆ. ಹಾಗಾಗಿ 2.2ನ್ನು ಅದರಿಂದ ಗುಣಿಸಬೇಕು. ಒಂದು ಕೆಜಿ ಎಂದರೆ ಸುಮಾರು 14.2 ಪೌಂಡು. ಮುನ್ನೂರು ಪೌಂಡಿಗೆ ಇಪ್ಪತ್ತೊಂದೇ ಕೆಜಿ. ನಾವು ಇಟ್ಟ ಮೂವತ್ತು ಹಳೆಯ ಲೆಕ್ಕದಲ್ಲಿ 427! ಗೇಜಿನಲ್ಲಿ ಒತ್ತಡದ ಇನ್ನೊಂದು ಅಳತೆಯಾದ ‘ಬಾರ್’ ಎಂದಿದ್ದರೆ 14.5ರಿಂದ ಭಾಗಿಸಬೇಕಿತ್ತು, ಮದ್ದಿನ ಪಂಪಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ನೀರನ್ನು ಹತ್ತು ಮೀಟರ್ ಎತ್ತರಕ್ಕೆ ತಳ್ಳಲು ಒಂದು ಕೆಜಿ ಒತ್ತಡ ಸಾಕು. ಐವತ್ತು ಅಡಿಯ ಮರಕ್ಕೆ ಒಂದೂವರೆ. ಉಳಿದದ್ದೆಲ್ಲ ಉದ್ದದ ಹೋಸಿನ ಉಜ್ಜಾಟಕ್ಕೆ ಮತ್ತು ಮದ್ದನ್ನು ಮಂಜಿನಂತೆ ಒಡೆಯುವ ನಳಿಕೆಯ ಸಣ್ಣ ತೂತಿಗೆ.

ಹೋಸು ಕತ್ತರಿಸಿ ಕ್ಲಿಪ್ಪು ಬಿಗಿಯುವಷ್ಟರಲ್ಲಿ ಮಳೆ ಹನಿಯಿತು, ಆ ದಿನದ ಕೆಲಸ ಅಲ್ಲಿಗೇ ನಿಂತಿತು. ಕಲಸಿಟ್ಟ ಮದ್ದು ವ್ಯರ್ಥವಾಯಿತು. ಅದನ್ನು ಅಂದೇ ಮುಗಿಸಬೇಕು. ಮಗಳ ಉಗುರಿನ ಬಣ್ಣ ಕೇಳಿ ಪಡೆದು ಗೇಜಿನ ಗಾಜಿನ ಮೇಲೆ ಇಪ್ಪತ್ತೊಂದರ ನೇರಕ್ಕೆ ಕೆಂಪು ಗೀಟು ಎಳೆದೆ.

ಮೂರನೆಯ ದಿನ ಬಿಸಿಲು ಬಂದಾಗ ಅವರು ಪಂಪು ಚಾಲೂ ಮಾಡಿದರು. ಮುಳ್ಳು ಗೀಟಿಗೆ ಬಂದು ನಿಂತಿತು. ಬಗ್ಗಿ ನೋಡಿ ಕೂಗಿ ಹೇಳಿದರು: ‘ಮುನ್ನೂರಾಯಿತು!’