ಮನೆಯೂ ಕಂಪನಿಯದು, ಅಂಗಡಿಯೂ ಕಂಪನಿಯದು

ವೆಸ್ಟ್ ವರ್ಜೀನಿಯಾದ ಮೇಟ್‌ವಾನ್‌ಗೆ ಜನ ಬರುವುದು ಹೆಚ್ಚಾಗಿ ಗುಡ್ಡದಲ್ಲಿ ಎಟಿವಿ, ಅಂದರೆ ಕಚ್ಚಾ ಹಾದಿಯ ನಾಲ್ಕು ಚಕ್ರದ ಗಾಡಿ, ಓಡಿಸಲು. ಮುಖ್ಯ ಬೀದಿಯ ತುಂಬ ಕೆಸರು ಮೆತ್ತಿದ ಗಾಡಿಗಳು. ಆ ಹಾದಿಗಳ ಹೆಸರು ಹ್ಯಾಟ್‌ಫೀಲ್ಡ್-ಮೆಕಾಯ್. ಒಂದು ಕಾಲಕ್ಕೆ ಹೊಡೆದಾಡಿಕೊಂಡ ಎರಡು ಮನೆತನಗಳು. 1882ರಲ್ಲಿ ಮೂವರು ಮೆಕಾಯ್ ಅಣ್ಣತಮ್ಮಂದಿರನ್ನು ಪೊದೆಗೆ ಕಟ್ಟಿ ಕೊಂದದ್ದು ಟಗ್ ಫೋರ್ಕ್ ಹೊಳೆಯಾಚೆ, ಕೆಂಟಕಿ ದಡದಲ್ಲಿ. ಅಂಗಡಿಯ ಟೀಶರ್ಟುಗಳ ಮೇಲೂ ಅದೇ ಜಗಳ. "ದಾಯಾದಿ ಜಗಳ ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ನಿಮ್ಮೂರಲ್ಲೇ ಬೇಕಾದಷ್ಟಿದೆ" ಎಂದಳು ನನ್ನ ಹೆಂಡತಿ.

ನನಗೆ ಬೇಕಿದ್ದದ್ದು ಇಲ್ಲಿನ ಕಲ್ಲಿದ್ದಲು ಗಣಿ ಕಾರ್ಮಿಕರ ಕತೆ. ಅದಕ್ಕಾಗಿ 2015ರಲ್ಲಿ ಶುರುವಾದ ಮೈನ್ ವಾರ್ಸ್ ಮ್ಯೂಸಿಯಂ ಇದೆ. "ನಮಗೆ ಸ್ಕೂಲಲ್ಲಿ ಇದನ್ನ ಹೇಳಿಕೊಡಲೇ ಇಲ್ಲ" ಎಂದರು ಬಾಗಿಲಲ್ಲಿದ್ದ ಹಿರಿಯರು.

ಗಾಜಿನ ಹಿಂದೆ ಸ್ಕ್ರಿಪ್ ಎಂಬ ಬಿಲ್ಲೆಗಳಿದ್ದವು. ನಾಣ್ಯದಷ್ಟೇ ದೊಡ್ಡವು, ನಡುವೆ ತೂತು, ಸುತ್ತ ಕಲ್ಲಿದ್ದಲು ಕಂಪನಿಯ ಹೆಸರು. ಸಂಬಳದ ದಿನದವರೆಗೆ ಕಾಯಲಾಗದವನ ಕೈಗೆ ಬರುತ್ತಿದ್ದದ್ದು ಇವೇ, ನಡೆಯುತ್ತಿದ್ದದ್ದು ಕಂಪನಿ ಅಂಗಡಿಯಲ್ಲಿ. ಹಿಟ್ಟು, ಬೂಟು ಬಿಡಿ, ಗಣಿಗೆ ಬೇಕಾದ ಪಿಕಾಸಿ, ಸಿಡಿಮದ್ದನ್ನೂ ಕೆಲಸಗಾರನೇ ಕೊಳ್ಳಬೇಕು. ಇರುವ ಮನೆ ಕಂಪನಿಯದು, ಡಾಕ್ಟರೂ ಕಂಪನಿಯವರು. ಯೂನಿಯನ್ ಸೇರುವುದಿಲ್ಲ ಎಂದು ಬರೆದುಕೊಟ್ಟರೆ ಕೆಲಸ. ಕೆಲಸ ಹೋದರೆ ಮನೆಯೂ ಹೋಯಿತು. ಕೆಲಸ ಹೋದರೆ 60 ದಿನದಲ್ಲಿ ಬೇರೆ ದಾರಿ ನೋಡಿಕೊಳ್ಳಬೇಕಾದ ಎಚ್-1ಬಿ ಕೆಲಸದ ವೀಸಾದವನು ನಾನು. ಹೋಲಿಸುವುದು ಅತಿಯಾಯಿತು ಎನ್ನಿ, ಆದರೂ ಅಲ್ಲಿಂದ ಕಾಲು ಕೀಳಲು ಸ್ವಲ್ಪ ಹೊತ್ತು ಬೇಕಾಯಿತು.

1920ರ ಮೇ 19ರಂದು ಯೂನಿಯನ್ ಸೇರಿದವರನ್ನು ಸ್ಟೋನ್ ಮೌಂಟನ್ ಕಂಪನಿಯ ಮನೆಗಳಿಂದ ಎಬ್ಬಿಸಲು ಬಾಲ್ಡ್‌ವಿನ್-ಫೆಲ್ಟ್ಸ್ ಎಂಬ ಖಾಸಗಿ ಪತ್ತೇದಾರಿ ಏಜೆನ್ಸಿಯವರು ಬಂದೂಕು ಹಿಡಿದು ಬಂದರು. ಪಾತ್ರೆಪಗಡ ಬೀದಿಗೆ ಬಿತ್ತು. ಸಂಜೆ ರೈಲಿಗೆ ಹೊರಟವರನ್ನು ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ತಡೆದ. ಮೇಯರ್ ಕೇಬೆಲ್ ಟೆಸ್ಟರ್ಮನ್ ಅವನ ಪರ ನಿಂತ. ಮೊದಲ ಗುಂಡು ಯಾರದು ಎಂಬ ವಾದ ಇನ್ನೂ ಮುಗಿದಿಲ್ಲ. ಏಜೆನ್ಸಿಯ ಏಳು ಜನ, ಇಬ್ಬರು ಗಣಿ ಕಾರ್ಮಿಕರು ಮತ್ತು ಮೇಯರ್ ಸತ್ತರು. ಹಳೇ ಅಂಚೆ ಕಚೇರಿಯ ಇಟ್ಟಿಗೆ ಗೋಡೆಯಲ್ಲಿ ಗುಂಡಿನ ಗುರುತುಗಳಿವೆ. ಎಲ್ಲರೂ ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ನನ್ನನ್ನು ಕಾಡಿದ್ದು ಮಾತ್ರ ಆ ಬಿಲ್ಲೆಗಳೇ.

ಈ ಕೊಲೆ ಕೇಸಿನಲ್ಲಿ ಸಿಡ್ ಖುಲಾಸೆಯಾದ. 1921ರ ಆಗಸ್ಟ್ 1ರಂದು ವೆಲ್ಚ್ ಪಟ್ಟಣದ ಕೋರ್ಟಿನ ಮೆಟ್ಟಿಲ ಮೇಲೆ ಏಜೆನ್ಸಿಯವರು ಅವನನ್ನು ಹೆಂಡತಿಯ ಎದುರೇ ಗುಂಡಿಟ್ಟು ಕೊಂದರು. ಆ ಸಿಟ್ಟಿಗೆ ಸುಮಾರು 10,000 ಕಾರ್ಮಿಕರು ಎದ್ದರು: ಬೆಟ್ಟದ ಬಿಳಿಯರು, ದಕ್ಷಿಣದಿಂದ ಬಂದ ಕಪ್ಪು ಜನ, ಇಟಲಿಯವರು, ಎಲ್ಲರ ಕುತ್ತಿಗೆಗೂ ಕೆಂಪು ಕರ್ಚೀಫು. ಬ್ಲೇರ್ ಬೆಟ್ಟದಲ್ಲಿ ಅವರನ್ನು ತಡೆದ, ಗಣಿ ಕಂಪನಿಗಳ ಪರವಿದ್ದ ಶೆರಿಫ್ ಡಾನ್ ಚೇಫಿನ್‌ನ ಪಡೆ ಬಾಡಿಗೆ ವಿಮಾನದಿಂದ ಬಾಂಬನ್ನೂ ಹಾಕಿತು. ಕೊನೆಗೆ ಸೈನ್ಯ ಬಂದಾಗ ಕಾರ್ಮಿಕರು ಕಾದಾಡದೆ ಚದುರಿದರು; ಅವರಲ್ಲಿ ಎಷ್ಟೋ ಜನ ಮೊದಲ ಮಹಾಯುದ್ಧದಲ್ಲಿ ಅದೇ ಸಮವಸ್ತ್ರ ತೊಟ್ಟವರು.

ವಾಪಸು ಬರುವಾಗ ಬ್ಲೇರ್ ಬೆಟ್ಟ ಹತ್ತಿಳಿದೆವು. ನೋಡಲು ಬರೀ ಕಾಡು. ಕಲ್ಲಿದ್ದಲು ಇನ್ನೂ ಒಳಗಿರುವುದರಿಂದ ಜಗಳವೂ ಉಳಿದಿದೆ: 2009ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದ ಬೆಟ್ಟವನ್ನು ವರ್ಷ ತುಂಬುವುದರೊಳಗೆ ತೆಗೆದುಹಾಕಿದರು. ಕೋರ್ಟು ಕಚೇರಿ ಅಲೆದು ಅದನ್ನು ಮತ್ತೆ ಸೇರಿಸಲು 2018ರವರೆಗೆ ಹಿಡಿಯಿತು.