ಗ್ರಹಣ ಹಿಡಿದರೆ ಹಕ್ಕಿಗಳು ಗೂಡು ಸೇರುತ್ತವೆಯೇ?

ಕೊರಳಲ್ಲಿ ದುರ್ಬೀನು ಕಂಡವರೆಲ್ಲ ಕೇಳುವ ಪ್ರಶ್ನೆ ಇದು. ಸೂರ್ಯ ಪೂರ್ತಿ ಮರೆಯಾಗುವ ಖಗ್ರಾಸವಾದರೆ ಸೇರಬಹುದು, ನಮ್ಮೂರಿನಲ್ಲಿ ನಾನು ಕಂಡ ಗ್ರಹಣಕ್ಕಂತೂ ಸೇರಲಿಲ್ಲ.

2019ರ ಡಿಸೆಂಬರ್ 26ರ ಗ್ರಹಣಕ್ಕೆ ನಾವು ಒಂಬತ್ತು ಜನ ಕೊಪ್ಪಳದಿಂದ ತುಂಗಭದ್ರೆಯ ಹಿನ್ನೀರಿಗೆ ಹೋಗಿದ್ದೆವು. ಮಂಗಳೂರಿನ ಕಡೆ ಸೂರ್ಯನ ಅಂಚು ಬಳೆಯಂತೆ ಉಳಿಯುವ ಕಂಕಣ, ನಮಗೆ ಒಂದು ಭಾಗವಷ್ಟೇ ಮುಚ್ಚುವ ಪಾರ್ಶ್ವ. ಹಿಂದಿನ ದಿನವೂ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಕುಳಿತು ಎಣಿಸಿದ್ದೆವು. ಇದು ನನ್ನ ಹಟ. ದಿನನಿತ್ಯ ಒಂಬತ್ತೂವರೆಗೆ ಹಕ್ಕಿಗಳು ಏನು ಮಾಡುತ್ತವೆ ಎಂಬುದೇ ತಿಳಿಯದಿದ್ದರೆ ಗ್ರಹಣದ ದಿನ ಹೊಸದಾಗಿ ಏನು ಮಾಡಿದವು ಎಂದು ಹೇಳುವುದು ಹೇಗೆ?

ಎಂಟರ ಸುಮಾರಿಗೆ ಸ್ಪರ್ಶ, ಅಂದರೆ ಗ್ರಹಣದ ಆರಂಭ. ಒಂಬತ್ತೂವರೆಯ ಹೊತ್ತಿಗೆ ಸೂರ್ಯನ ಮುಕ್ಕಾಲು ಭಾಗಕ್ಕೂ ಹೆಚ್ಚು ಮುಚ್ಚಿತ್ತು. ಬಿಸಿಲು ಸತ್ವ ಕಳೆದುಕೊಂಡಂತೆ ಬಿಳಿಚಿತು, ಮೈಗೆ ತಣ್ಣನೆಯ ಗಾಳಿ ತಾಕಿತು. ಬೇವಿನ ಮರದ ಕೆಳಗೆ ಬಿಚ್ಚಿಟ್ಟ ರೊಟ್ಟಿಯ ಬಟ್ಟೆಯ ಮೇಲೆ ನೂರಾರು ಪುಟ್ಟ ಪುಟ್ಟ ಕುಡುಗೋಲುಗಳು: ಎಲೆಗಳ ಸಂದಿನಿಂದ ಇಳಿದ ಸೂರ್ಯನ ಬಿಂಬಗಳು. ರೊಟ್ಟಿಯನ್ನು ಮಾತ್ರ ಇಬ್ಬರು ಮುಟ್ಟಲಿಲ್ಲ, ಗ್ರಹಣ ಬಿಟ್ಟು ಮೋಕ್ಷವಾಗಲಿ ಎಂದರು.

ಅಷ್ಟರಲ್ಲಿ ಬೆಳ್ಳಕ್ಕಿಗಳ ಹಿಂಡೊಂದು ಎದ್ದು ಜಾಲಿ ಗಿಡಗಳತ್ತ ಹಾರಿತು. "ನೋಡಿ, ಹೊರಟವು!" ಎಂದು ಎಲ್ಲರೂ ಗಡಿಯಾರ ನೋಡಿ ಬರೆದುಕೊಂಡೆವು. ದುರ್ಬೀನು ಕೆಳಗಿಳಿಸಿದರೆ ಕೆಸರಿನಲ್ಲಿ ಒಂದು ನಾಯಿ. ಐದು ನಿಮಿಷಕ್ಕೆ ಬೆಳ್ಳಕ್ಕಿಗಳು ಮರಳಿ ಬಂದವು. ಪಟ್ಟೆತಲೆ ಹೆಬ್ಬಾತುಗಳು ಕತ್ತನ್ನೂ ಎತ್ತಲಿಲ್ಲ. ಕವಲುತೋಕೆಗಳು ಹಿಂದಿನ ದಿನಕ್ಕಿಂತ ಕೆಳಗೆ, ನೀರಿಗೆ ತಾಗುವಂತೆ ಹಾರುತ್ತಿದ್ದವು. ತಂಪಿಗೆ ಹುಳುಗಳು ಕೆಳಗಿಳಿದಿದ್ದವೋ ಏನೋ.

ಹಕ್ಕಿಗಳು ಗೂಡು ಸೇರದಿದ್ದುದಕ್ಕೆ ಕಾರಣ ಸರಳ. ಸೂರ್ಯ ಹುಣ್ಣಿಮೆಯ ಚಂದ್ರನಿಗಿಂತ ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನ. ನೂರರಲ್ಲಿ ಒಂದೇ ಪಾಲು ಉಳಿದರೂ ನಾಲ್ಕು ಸಾವಿರ ಹುಣ್ಣಿಮೆಗಳ ಬೆಳಕು. ಅದನ್ನು ರಾತ್ರಿ ಎಂದುಕೊಳ್ಳುವಷ್ಟು ಹಕ್ಕಿ ದಡ್ಡನಲ್ಲ. ಖಗ್ರಾಸದ ಮಾತೇ ಬೇರೆ. 2017ರಲ್ಲಿ ಅಮೆರಿಕದ ಹವಾಮಾನ ರೇಡಾರ್‌ಗಳಲ್ಲಿ, ಗ್ರಹಣದ ಹೊತ್ತಿಗೆ ಆಕಾಶದಲ್ಲಿ ಹಾರುವ ಹಕ್ಕಿ, ಹುಳುಗಳು ಕಡಿಮೆಯಾದದ್ದು ದಾಖಲಾಯಿತು.

ನಮ್ಮ ಸೀಮೆಗೆ ಖಗ್ರಾಸ ಬಂದದ್ದು 1980ರ ಫೆಬ್ರುವರಿ 16ರ ಮಧ್ಯಾಹ್ನ. ಬೆಂಗಳೂರಿನ ಖಗೋಳ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು. ಆಗ ಕಾಗೆಗಳು ಗೂಡು ಸೇರಿದವೇ ಎಂದು ಸಿಂಧನೂರಿನ ನಮ್ಮ ಸೋದರಮಾವನನ್ನು ಕೇಳಿದೆ. "ಕಾಗೆ ಯಾರು ನೋಡಿದರು? ನಾವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದೆವು" ಎಂದ.

2019ರ ಗ್ರಹಣದ ದಿನ ಹಿನ್ನೀರಿನ ಹಳ್ಳಿಯಲ್ಲೂ ಹಾಗೆಯೇ. ಹಿತ್ತಾಳೆ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿದ್ದ ಅಜ್ಜಿಯೊಬ್ಬರು ಬಾಗಿಲ ಸಂದಿನಿಂದ, "ಒಳಗೆ ಬಾ ತಂಗಿ, ಬಯಲಲ್ಲಿ ನಿಲ್ಲಬೇಡ" ಎಂದು ಕರೆದರು. ಬುಡ ಸಮವಾಗಿದ್ದರೆ ಒನಕೆ ಯಾವ ದಿನವೂ ನಿಲ್ಲುತ್ತದೆ, ಆದರೆ ಅದನ್ನು ಹೇಳುವ ಸಮಯ ಅದಾಗಿರಲಿಲ್ಲ. ಅವರ ಅಂಗಳದಲ್ಲಿ ಕೋಳಿಗಳು ತಿಪ್ಪೆ ಕೆದರುತ್ತಲೇ ಇದ್ದವು.

2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಮೀರಿದ ಖಗ್ರಾಸ. ನಮಗೆ ಅದೇ ದಿನ ಇಳಿಹೊತ್ತಿನಲ್ಲಿ ಪಾರ್ಶ್ವ, ಅಂದರೆ ಹಕ್ಕಿಗಳು ಹೇಗೂ ಗೂಡಿನ ನೆನಪು ಮಾಡಿಕೊಳ್ಳುವ ಸಮಯ. ಹಾಗಾಗಿ ನಾನು ಹಿಂದಿನ ದಿನ, ಭಾನುವಾರವೇ ಹೋಗಿ ಕೂರುತ್ತೇನೆ. ಬರುವವರು ಗ್ರಹಣದ ಕನ್ನಡಕ ತರಲಿ. ಸೂರ್ಯನ ಕಡೆಗೆ ದುರ್ಬೀನು ಎತ್ತುವವರಿಗೆ ಟೆಂಪೊದಲ್ಲಿ ಜಾಗವಿಲ್ಲ.