ಚಿತ್ರ ಹೋಗಿ ಚೌಕ ಉಳಿದಿದೆ

ಮೂರು ವಾರದಿಂದ ರಾತ್ರಿ ಊಟ ಆದ ಮೇಲೆ ಇದೇ ಕೆಲಸ. ಸ್ಮ್ಯಾಕ್ ಜೀವ್ಸ್ ಅಂತ ಒಂದು ಜಾಲತಾಣ ಇತ್ತು, ಯಾರು ಬೇಕಾದರೂ ತಾವು ಬರೆದ ಕಾಮಿಕ್ಸ್ ಪುಕ್ಕಟೆ ಹಾಕಬಹುದಿತ್ತು. 2020ರ ಡಿಸೆಂಬರ್ 31ಕ್ಕೆ ಮುಚ್ಚಿತು. ಅದರ ಚರಿತ್ರೆ ಬರೆದಿಡ್ತಿದ್ದೀನಿ.

ಹಳೇ ವೆಬ್ ಪುಟಗಳ ನಕಲು ಕೂಡಿಡೋ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿದರೆ ಪುಟ ಸಿಗುತ್ತೆ, ಎಷ್ಟೋ ಕಡೆ ಚಿತ್ರ ಇರಲ್ಲ. ಚಿತ್ರ ಅನ್ನೋದು ಬೇರೆಯೇ ಫೈಲು. ಪುಟದ ಜೊತೆ ಅದನ್ನೂ ನಕಲು ತೆಗೆದಿರದಿದ್ದರೆ ಬರೀ ಖಾಲಿ ಚೌಕ. ನಿನ್ನೆ ಅಂಥದೊಂದು ಚೌಕದ ಕೆಳಗೆ ಬರೆದವರ ಟಿಪ್ಪಣಿ ಮಾತ್ರ ಉಳಿದಿತ್ತು: ಪರೀಕ್ಷೆ ಇದೆ, ಮುಂದಿನ ಪುಟ ತಡ ಆಗುತ್ತೆ, ಬೇಜಾರು ಮಾಡ್ಕೋಬೇಡಿ ಅಂತ. ಓದಿ ಕರುಳು ಚುರುಕ್ ಅಂತು.

ನಮ್ಮ ತುಮಕೂರಿನ ಬಿ.ಎಚ್. ರಸ್ತೆಯ ಸೈಬರ್‌ನಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ಇಂಥವನ್ನ ಓದಿದವನು ನಾನು. ಚಿತ್ರ ಮೇಲಿಂದ ಗೆರೆ ಗೆರೆಯಾಗಿ ಇಳಿಯೋದು. ಮೊದಲು ಕೂದಲು, ಆಮೇಲೆ ಕಣ್ಣು. ಮುಖ ಪೂರ್ತಿ ಆಗೋವರೆಗೂ ಉಸಿರು ಬಿಗಿಹಿಡಿದು ಕಾಯ್ತಿದ್ದೆ.

ಯಾರ ಹತ್ರನಾದ್ರೂ ಹಳೇ ಹಾರ್ಡ್ ಡಿಸ್ಕಿನಲ್ಲಿ ಸ್ಮ್ಯಾಕ್ ಜೀವ್ಸ್ ಪುಟಗಳಿದ್ದರೆ ದಯವಿಟ್ಟು ಹೇಳಿ. ಗುಬ್ಬಿ, ಶಿರಾ, ಎಲ್ಲಾದರೂ ಸರಿ, ಭಾನುವಾರ ನಾನೇ ಬಂದು ನಕಲು ಮಾಡ್ಕೊಂಡು ಹೋಗ್ತೀನಿ.